ನೀರಿನ ದಂಡೆಯಲ್ಲಿ ಒಂದು ರಾತ್ರಿ: ಯಾರ ಅಪ್ಪಣೆ ಬೇಕು?

ಮಳವಳ್ಳಿ ಕೋರ್ಟಿನಲ್ಲಿ ನನ್ನ ವಕೀಲಿಕೆ ಬಹುಪಾಲು ಜಮೀನಿನದು. ಅಣ್ಣತಮ್ಮಂದಿರ ಭಾಗ, ಬದುವಿನ ಒತ್ತುವರಿ, ನಾಲೆ ನೀರಿನ ಜಗಳ, ವರ್ಷಗಟ್ಟಲೆ ಪೋಡಿಯಾಗದ ಪಹಣಿ. ಕಾಡಿನ ಕಾಯ್ದೆ ನನ್ನ ಮೇಜಿನ ಮೇಲೆ ಬರುವುದು ಅಪರೂಪ. ಆದರೆ ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರಿನಲ್ಲಿರುವ ನೆಂಟರಿಗೆಲ್ಲ ನಾನು ಒಮ್ಮೆಲೇ ಕಾಡಿನ ವಕೀಲನಾಗಿಬಿಡುತ್ತೇನೆ. ಮೊನ್ನೆ ಅಕ್ಕನ ಮಗಳು ಫೋನು ಮಾಡಿದಳು.

"ಮಾವ, ಮುತ್ತತ್ತಿ ಹೊಳೆ ಪಕ್ಕ ಒಂದ್ ರಾತ್ರಿ ಟೆಂಟ್ ಹಾಕ್ಕೊಂಡು ಇರೋಣ ಅಂತ ಆಫೀಸಿನವರೆಲ್ಲ ಸೇರಿ ಮಾತಾಡ್ಕೊಂಡಿದೀವಿ. ಪರ್ಮಿಷನ್ ಯಾರು ಕೊಡ್ತಾರೆ? ತಹಶೀಲ್ದಾರಾ, ಪೊಲೀಸಾ?"

"ಯಾರೂ ಕೊಡಲ್ಲ ಕಣವ್ವ."

"ಮತ್ತೆ ವಿಡಿಯೋದಲ್ಲಿ ಯಾರ್ಯಾರೋ ಹಾಕ್ಕೊಂಡಿದ್ದಾರಲ್ಲ!"

ವಿಡಿಯೋ ಮಾಡಿದವರು ಮರುದಿನ ಗೇಟಿನಲ್ಲಿ ಏನು ಕಟ್ಟಿದರು ಎಂಬುದನ್ನು ವಿಡಿಯೋದಲ್ಲಿ ಹಾಕಿರುವುದಿಲ್ಲ. ಅದನ್ನು ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಆಗಬೇಕಾಗಿಯೂ ಇಲ್ಲ. 'ಕೊಡಲ್ಲ' ಎಂದ ಮೇಲೆ ಯಾವ ಕಾಯ್ದೆಯ ಪ್ರಕಾರ, ಯಾತಕ್ಕೆ ಎಂದು ಕೇಳುವ ಹಕ್ಕು ಯಾರಿಗಾದರೂ ಇದೆ. ನಮ್ಮ ಕಡೆಯ ಬೋರ್ಡುಗಳು ಹೇಳದೆ ಬಿಡುವುದೂ ಅದನ್ನೇ. 'ಪ್ರವೇಶ ನಿಷೇಧ' ಎಂದು ಕೆಂಪಕ್ಷರದಲ್ಲಿ ಬರೆದು ಮೊಳೆ ಹೊಡೆದರೆ ಮುಗಿಯಿತು. ಹಾಗಾಗಿ ಅವಳಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳು. ನೀರಿಗೇನೂ ಬರವಿಲ್ಲದಂತೆ ಹೊರಗಿನವರಿಗೆ ಕಾಣುತ್ತದೆ. ವಿಶ್ವೇಶ್ವರಯ್ಯ ನಾಲೆ ಇದೆ. ತುಮಕೂರು ಕಡೆಯಿಂದ ಇಳಿದುಬರುವ ಶಿಂಷಾ ಮದ್ದೂರನ್ನು ಹಾಯ್ದು ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿ ಸೇರುತ್ತದೆ. ಊರಿಗೊಂದು ಕೆರೆ ಇದೆ. ಆದರೆ ಕಾನೂನಿನ ಕಣ್ಣಿಗೆ ಈ ನೀರೆಲ್ಲ ಒಂದೇ ಅಲ್ಲ. ಮುತ್ತತ್ತಿಯ ದಂಡೆಗೆ ಒಂದು ಕಾಯ್ದೆ, ಕೊಕ್ಕರೆ ಬೆಳ್ಳೂರಿಗೆ ಅದೇ ಕಾಯ್ದೆಯ ಇನ್ನೊಂದು ಸೆಕ್ಷನ್, ಸೂಳೆಕೆರೆಯ ಏರಿಗೆ ಇವೆರಡೂ ಅಲ್ಲದ ಮತ್ತೊಂದು ಲೆಕ್ಕ. 'ಕ್ಯಾಂಪಿಂಗ್ ಪರ್ಮಿಟ್' ಎಂಬ ಒಂದು ಚೀಟಿ ಬರೆದು ಮೂರೂ ಕಡೆಗೆ ಕೊಡುವ ಅಧಿಕಾರಿ ಯಾವ ಕಚೇರಿಯಲ್ಲೂ ಕೂತಿಲ್ಲ.

ಮುತ್ತತ್ತಿಯಿಂದ ಶುರುಮಾಡುತ್ತೇನೆ, ಹೆಚ್ಚು ಜನ ಕೇಳುವುದು ಅದನ್ನೇ.

ಹಲಗೂರಿನಿಂದ ದಕ್ಷಿಣಕ್ಕೆ ಹೊರಟರೆ ಬಸವನಬೆಟ್ಟದ ಕಾಡು ಹಾಯ್ದು ರಸ್ತೆ ಕಾವೇರಿಯ ಬಳಿ ಮುಗಿಯುತ್ತದೆ. ಅಲ್ಲಿ ಮುತ್ತತ್ತಿರಾಯನ ಗುಡಿ. ಸೀತಮ್ಮನ ಮುತ್ತು ನೀರಿಗೆ ಬಿದ್ದಾಗ ಆಂಜನೇಯ ಬಾಲ ಇಳಿಬಿಟ್ಟು ತೆಗೆದುಕೊಟ್ಟನಂತೆ, ಅದಕ್ಕೇ ಮುತ್ತತ್ತಿ. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ್, ಅದು ಈ ದೇವರ ಹೆಸರೇ. ನಮ್ಮ ಸೀಮೆಯ ಒಕ್ಕಲುಗಳಲ್ಲಿ ಮುತ್ತುರಾಜ, ಮುತ್ತುರಾಯಿ ಇಲ್ಲದ ಊರು ಸಿಗುವುದು ಕಷ್ಟ. ಹರಕೆ ಹೊತ್ತವರು ಟ್ರ್ಯಾಕ್ಟರಿನಲ್ಲಿ ಪಾತ್ರೆಪಡಗ ತುಂಬಿಕೊಂಡು ಹೋಗಿ, ಹರಿಸೇವೆ ಮಾಡಿ, ಉಂಡು ಬರುತ್ತಿದ್ದ ಜಾಗ ಅದು. ನಮ್ಮಜ್ಜಿಯ ಕಾಲದಲ್ಲಿ ರಾತ್ರಿ ತಂಗಿಯೇ ಬರುತ್ತಿದ್ದರಂತೆ. ಎತ್ತಿನ ಗಾಡಿಯಲ್ಲಿ ಹೋದವರು ಅದೇ ದಿನ ವಾಪಸು ಬರುವುದು ಹೇಗೆ?

1987ರಲ್ಲಿ ಈ ಕಾಡೆಲ್ಲ ಕಾವೇರಿ ವನ್ಯಜೀವಿ ಧಾಮವಾಯಿತು. ಆಗ ಸುಮಾರು 500 ಚದರ ಕಿಲೋಮೀಟರ್ ಇದ್ದದ್ದು ಮುಂದೆ ವಿಸ್ತರಣೆಯಾಗಿ 1,000 ದಾಟಿದೆ. ಮಂಡ್ಯ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಾಮರಾಜನಗರ ಮೂರು ಜಿಲ್ಲೆಗಳಲ್ಲಿ ಹರಡಿದೆ. ಧಾಮವೆಂದು ಘೋಷಣೆಯಾದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಲ್ಲಿ ಯಜಮಾನ. ಅದು ಹೇಳುವುದಿಷ್ಟು: ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಮನೆ-ಜಮೀನು ಇರುವವರು, ಅವರ ಅವಲಂಬಿತರು, ಇರಲು ಅನುಮತಿ ಪಡೆದವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಇವರನ್ನು ಬಿಟ್ಟು ಬೇರೆ ಯಾರೂ ಪರ್ಮಿಟ್ ಇಲ್ಲದೆ ಧಾಮದೊಳಗೆ ಹೋಗುವಂತಿಲ್ಲ, ತಂಗುವಂತಿಲ್ಲ. ರಸ್ತೆಯಲ್ಲಿ ಹೋಗುವವನಿಗೆ ಸಿಕ್ಕಿರುವ ವಿನಾಯಿತಿ ರಸ್ತೆಗೆ ಮಾತ್ರ. ಕಾರು ಪಕ್ಕಕ್ಕೆ ಹಾಕಿ, ಬುತ್ತಿ ಬಿಚ್ಚಿಕೊಂಡು ಮರದ ಬುಡಕ್ಕೆ ನಡೆದರೆ ವಿನಾಯಿತಿಯೂ ರಸ್ತೆಯಲ್ಲೇ ಉಳಿಯುತ್ತದೆ.

ಪರ್ಮಿಟ್ ಯಾವುದಕ್ಕೆ ಸಿಗುತ್ತದೆ ಎಂಬುದು 28ನೇ ಸೆಕ್ಷನ್ನಿನಲ್ಲಿದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗಿರುವ ನಿವಾಸಿಗಳ ಜೊತೆಗಿನ ನ್ಯಾಯಬದ್ಧ ವ್ಯವಹಾರ. ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದು. ಪ್ರವಾಸಕ್ಕೆ ಬಂದವರಿಗೆ ಗೇಟಿನಲ್ಲಿ ದುಡ್ಡು ಕಟ್ಟಿಸಿಕೊಂಡು ಕೊಡುವ ಚೀಟಿ ಇದೆಯಲ್ಲ, ಅದು ಹಗಲಿಗೆ ಒಳಗೆ ಹೋಗಿ ಬರುವುದಕ್ಕೆ ಕೊಟ್ಟದ್ದು. ರಾತ್ರಿ ತಂಗುವುದಕ್ಕೆ ಆ ಚೀಟಿ ನಡೆಯದು. ಅಕ್ಕನ ಮಗಳು ಕೇಳಿದ ತಹಶೀಲ್ದಾರರಿಗೂ ಪೊಲೀಸರಿಗೂ ಇದರಲ್ಲಿ ಪಾತ್ರವೇ ಇಲ್ಲ. ಅಧ್ಯಯನ, ಸಂಶೋಧನೆ, ಸಿನಿಮಾ ಚಿತ್ರೀಕರಣದಂಥ ಕೆಲಸವಿದ್ದವರು ಕೊಳ್ಳೇಗಾಲದಲ್ಲಿರುವ ಕಾವೇರಿ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಜಿಲ್ಲೆ ನಮ್ಮದಾದರೂ ಕಾಡಿನ ಕಚೇರಿ ಪಕ್ಕದ ಜಿಲ್ಲೆಯಲ್ಲಿ.

ಇನ್ನು ಟೆಂಟಿನ ಜೊತೆಗೆ ಹೋಗುವ ಸಾಮಾನು ನೋಡಿ. 31ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ನಮ್ಮಲ್ಲಿ ಕೋವಿ ಯಾರ ಬಳಿ ಇದೆ ಎಂದು ನಗಬೇಡಿ. ಕಾಯ್ದೆಯಲ್ಲಿ ಆಯುಧ ಎಂದರೆ ಏನೇನು ಎಂದು ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಚಾಕು ಇದೆ, ಗಾಳದ ಕೊಕ್ಕೆ ಇದೆ, ಬಲೆಯೂ ಇದೆ. ಈರುಳ್ಳಿ ಹೆಚ್ಚುವ ಚಾಕುವಿಗೆ ಯಾರೂ ಕೇಸು ಹಾಕಲಿಕ್ಕಿಲ್ಲ, ಗಾಳಕ್ಕೆ ಖಂಡಿತ ಹಾಕುತ್ತಾರೆ. 30ನೇ ಸೆಕ್ಷನ್ ಬೆಂಕಿಯದು. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದೂ ತಪ್ಪು, ಹೊತ್ತಿಸಿದ್ದನ್ನು ಹಾಗೇ ಬಿಟ್ಟುಬರುವುದೂ ತಪ್ಪು. ಫೆಬ್ರವರಿ-ಮಾರ್ಚಿನಲ್ಲಿ ಬಸವನಬೆಟ್ಟದ ಹುಲ್ಲು ಹೇಗೆ ಒಣಗಿ ನಿಂತಿರುತ್ತದೆಂದು ಕಂಡವರಿಗೆ ಕ್ಯಾಂಪ್ ಫೈರಿನ ಆಸೆ ಹುಟ್ಟುವುದಿಲ್ಲ. ಕಸ ಎಸೆಯುವುದು, ಪ್ರಾಣಿಗಳನ್ನು ರೇಗಿಸುವುದು 27ರಲ್ಲೇ ಬರುತ್ತದೆ. ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆ ಅಥವಾ ದಂಡ, ಎರಡೂ ಆಗಬಹುದು. ದಂಡದ ಮಿತಿ ಮೊದಲು 25,000 ರೂಪಾಯಿ ಇತ್ತು, 2022ರ ತಿದ್ದುಪಡಿಯಲ್ಲಿ 1 ಲಕ್ಷಕ್ಕೆ ಏರಿದೆ. ಚಿಕ್ಕಪುಟ್ಟ ಪ್ರಕರಣಗಳನ್ನು ಇಲಾಖೆಯ ಹಂತದಲ್ಲೇ ರಾಜಿ ಮಾಡಿ ಮುಗಿಸುವ ದಾರಿಯೂ ಕಾಯ್ದೆಯಲ್ಲಿದೆ. ಸಾಮಾನ್ಯವಾಗಿ ಹಾಗೇ ಮುಗಿಯುತ್ತದೆ. ಆದರೆ ಅಪರಾಧಕ್ಕೆ ಬಳಸಿದ ವಾಹನವನ್ನು ಜಪ್ತಿ ಮಾಡಿದರೆ ಅದು ಸರ್ಕಾರದ ಸ್ವತ್ತು ಎನ್ನುವ 39ನೇ ಸೆಕ್ಷನ್ ಒಂದಿದೆ. ಕಂತು ಕಟ್ಟುತ್ತಿರುವ ಕಾರನ್ನು ಬಿಡಿಸಿಕೊಳ್ಳಲು ವಕೀಲರ ಹಿಂದೆ ಅಲೆಯುವ ಕಷ್ಟ ದಂಡಕ್ಕಿಂತ ದೊಡ್ಡದು. ವಕೀಲನಾಗಿ ಹೇಳುತ್ತಿದ್ದೇನೆ, ನಂಬಿ.

ಇಷ್ಟು ಬಿಗಿ ಯಾತಕ್ಕೆ?

ಮುತ್ತತ್ತಿಯ ಹೊಳೆ ಹಗಲಲ್ಲಿ ನೋಡಿದರೆ ಸಾಧು. ಬಂಡೆ, ಮರಳು, ಮತ್ತಿಮರದ ನೆರಳು. ಸಾಯಂಕಾಲ ನಾಲ್ಕೂವರೆ-ಐದರ ಮೇಲೆ ದಂಡೆಯ ಬಾಬ್ತು ಬೇರೆಯವರಿಗೆ ಸೇರುತ್ತದೆ. ಬೇಸಿಗೆಯಲ್ಲಿ ಒಳಗಿನ ಹಳ್ಳಕೊಳ್ಳ ಒಣಗಿದರೆ ಆನೆಗಳಿಗೆ ಉಳಿಯುವ ನೀರು ಕಾವೇರಿಯೊಂದೇ. ಬಂಡೆಗಳ ಮೇಲೆ ಮೊಸಳೆ, ಮಡುವಿನಲ್ಲಿ ನೀರುನಾಯಿ. ದಂಡೆಯ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು, ಕರ್ನಾಟಕದಲ್ಲಿ ಬೇರೆ ಕಡೆ ಕಾಣಸಿಗುವುದು ಬಲು ಕಡಿಮೆ. ತರಕರಡಿ ಕರ್ನಾಟಕದಲ್ಲಿದೆ ಎಂಬುದಕ್ಕೆ ಮೊದಲ ಚಿತ್ರ ಸಿಕ್ಕಿದ್ದು 2014ರಲ್ಲಿ, ಇದೇ ಧಾಮದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಇಟ್ಟ ಕ್ಯಾಮೆರಾದಲ್ಲಿ. ಅದು ಹೊರಬರುವುದೇ ರಾತ್ರಿ. ದಂಡೆಯಲ್ಲಿ ನಾಲ್ಕು ಟೆಂಟು, ಒಂದು ಸ್ಪೀಕರು, ಎರಡು ಲೈಟು ಇದ್ದರೆ ನೀರಿಗೆ ಬಂದ ಆನೆ ಒಂದೋ ಬಾಯಾರಿಕೊಂಡೇ ಹಿಂದೆ ಹೋಗಬೇಕು, ಇಲ್ಲ ಟೆಂಟಿನ ಮೇಲೆಯೇ ಹಾದುಹೋಗಬೇಕು. ಎರಡೂ ಆಗಬಾರದ್ದು.

ಹೊರಗಿನವರಿಗೆ ಗೊತ್ತಾಗದ ಇನ್ನೊಂದು ಸಂಗತಿ ಇದೆ. ಕಾಡಿನಿಂದ ಹೊರಬಿದ್ದ ಆನೆಗಳು ಶಿಂಷಾ ಹೊಳೆಯ ಪೊದೆಗಳನ್ನು ಹಿಡಿದು ಮಳವಳ್ಳಿ, ಮದ್ದೂರಿನವರೆಗೂ ಬರುತ್ತವೆ. ಹಗಲು ಹೊಳೆಯಲ್ಲೋ ಕಬ್ಬಿನ ಗದ್ದೆಯಲ್ಲೋ ನಿಂತಿದ್ದು, ಕತ್ತಲಾದ ಮೇಲೆ ಬತ್ತ ಮೇಯುತ್ತವೆ. ಇಲಾಖೆಯವರು ಪಟಾಕಿ ಹಿಡಿದು ವಾಪಸು ಅಟ್ಟುವುದನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ನನ್ನ ಕಕ್ಷಿದಾರರೊಬ್ಬರು ಹಲಗೂರು ಕಡೆಯ ರೈತರು, ವಯಸ್ಸಾದವರು. ಕೇಸಿನ ವಾಯಿದೆಗೆ ಬಂದಾಗಲೆಲ್ಲ ಅರ್ಧ ನಿದ್ದೆಯಲ್ಲಿರುತ್ತಾರೆ. "ಏನ್ ಮಾಡದು ಸ್ವಾಮಿ, ರಾತ್ರಿಯೆಲ್ಲ ಅಟ್ಟಣೆ ಮ್ಯಾಲೆ ಕೂತಿದ್ದೆ. ದಂಡೇಲಿ ಪ್ಯಾಟೆ ಹುಡುಗ್ರು ಗಲಾಟೆ ಮಾಡುದ್ರೆ ಅದು ಸೀದಾ ನಮ್ ಗದ್ದೆಗೇ ನುಗ್ತದೆ" ಎಂದರು ಒಂದು ಸಲ. ನಿಯಮ ಬಿಗಿಯಾಗಿರಬೇಕೆಂಬ ನನ್ನ ಅಭಿಪ್ರಾಯಕ್ಕೆ ಸೆಕ್ಷನ್ನುಗಳಿಗಿಂತ ಈ ಮಾತೇ ಹೆಚ್ಚು ಕಾರಣ.

ನೀರಿನದೂ ಒಂದು ಅಪಾಯವಿದೆ. ಮೇಲೆ ಕೃಷ್ಣರಾಜಸಾಗರದಲ್ಲಿ ಗೇಟು ಎತ್ತಿದರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. ಸಂಜೆ ಒಣಗಿದ್ದ ಮರಳಿನ ದಿಬ್ಬ ಬೆಳಗಿನ ಹೊತ್ತಿಗೆ ಇಲ್ಲ. ಬಂಡೆಗಳ ನಡುವಿನ ಸುಳಿ ಈಜು ಬಲ್ಲವರನ್ನೂ ಬಿಟ್ಟಿಲ್ಲ. ಹೋದವರ ಮನೆಯವರು ಪರಿಹಾರಕ್ಕೆ ಅರ್ಜಿ ಹಾಕಲು ನಮ್ಮಂಥವರ ಬಳಿ ಬರುತ್ತಾರೆ. ಏನು ಬರೆಯುವುದು?

ಆದರೆ ಮುತ್ತತ್ತಿಯ ಹತ್ತಿರದ ಭೀಮೇಶ್ವರಿಯಲ್ಲಿ ದಂಡೆಯ ಮೇಲೆ ಕಾನೂನುಬದ್ಧವಾಗಿ ರಾತ್ರಿ ಕಳೆಯಬಹುದು, ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರದಲ್ಲಿ. ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಭೀಮೇಶ್ವರಿ ಹೆಸರಾದದ್ದು ಮೀನಿನಿಂದ. ನಾವು ಬಿಳಿಮೀನು ಎನ್ನುವ ಮಹಶೀರ್ ಹಿಡಿಯಲು ಇಂಗ್ಲೆಂಡಿನಿಂದಲೂ ಜನ ಬರುತ್ತಿದ್ದರು. ಹಿಡಿದು, ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುವ ಆಟ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡಿನ ಮೀನು ಹಿಡಿದದ್ದು ಇವತ್ತಿಗೂ ಗಾಳದವರ ಬಾಯಲ್ಲಿದೆ. 2010ರ ನಂತರದ ಒಂದೆರಡು ವರ್ಷಗಳಲ್ಲಿ, ರಕ್ಷಿತ ಪ್ರದೇಶದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಗೆ ವಿರುದ್ಧ ಎಂದು ಅದೂ ನಿಂತಿತು. ಗಾಳದವರ ವಾದದಲ್ಲೂ ಹುರುಳಿತ್ತು. ಶಿಬಿರದ ಕಾವಲು ಇದ್ದಾಗ ಡೈನಮೈಟ್ ಸಿಡಿಸಿ ಮೀನು ಕೊಲ್ಲುವವರು ಹತ್ತಿರ ಬರುತ್ತಿರಲಿಲ್ಲ ಎನ್ನುತ್ತಿದ್ದರು. ಕಾವೇರಿಯ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಬೆನ್ನುಬ್ಬಿದ ಕಿತ್ತಳೆ ರೆಕ್ಕೆಯ ಆ ಮೀನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಗಾಳದವರು ಇದ್ದಿದ್ದರೆ ಉಳಿಯುತ್ತಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ತೀರ್ಪು ಕೊಡುವ ಧೈರ್ಯವಿಲ್ಲ.

"ಸರ್ಕಾರ ದಂಡೇಲಿ ಕಾಟೇಜು ಕಟ್ಟಬಹುದು, ನಾವು ಟೆಂಟು ಹಾಕಬಾರದಾ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸರ್ಕಾರಕ್ಕೂ ಈಗ ಮನಸೋಇಚ್ಛೆ ಕಟ್ಟಲು ಬಿಡುವುದಿಲ್ಲ. ಧಾಮದೊಳಗೆ ವಾಣಿಜ್ಯ ಉದ್ದೇಶದ ಪ್ರವಾಸಿ ವಸತಿ ಕಟ್ಟಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಮೊದಲೇ ಬೇಕೆಂದು 33ನೇ ಸೆಕ್ಷನ್ನಿನಲ್ಲಿತ್ತು. 2022ರ ತಿದ್ದುಪಡಿ ಅದಕ್ಕೆ 'ಸರ್ಕಾರಿ ವಸತಿಯೂ ಸೇರಿ' ಎಂದು ಬಿಡಿಸಿ ಹೇಳಿದೆ.

ಇನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಬೇಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ, ಬಸರಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಶಿಂಷಾ ಹೊಳೆ, ಸುತ್ತಲಿನ ಕೆರೆಗಳಿಂದ ಮೀನು ತರುತ್ತವೆ. ಪ್ಲೇಗಿನ ಕಾಲದಲ್ಲಿ ಹೊಳೆದಂಡೆಯ ಹಳೇ ಊರನ್ನು ಬಿಟ್ಟು ಜನ ಈಚೆಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಅಲ್ಲಿನವರು ಹೇಳುತ್ತಾರೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. 1994ರಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರು ಊರ ಹುಡುಗರ ಜೊತೆ ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡತೊಡಗಿದರು. ಹಕ್ಕಿ ಕೂತ ಮರದಿಂದ ಹುಣಸೆಹಣ್ಣು ಬಡಿಯಲು ಆಗುವುದಿಲ್ಲವಲ್ಲ, ಅದಕ್ಕೆ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ.

2007ರಲ್ಲಿ ಇದು ಸಮುದಾಯ ಮೀಸಲು ಆಯಿತು. ಕಾನೂನಿನ ವಿದ್ಯಾರ್ಥಿಗೆ ಇದು ರುಚಿಯಾದ ಜಾಗ. ಸಮುದಾಯ ಮೀಸಲಿಗೆ 27ನೇ ಸೆಕ್ಷನ್ನಿನ ಮೊದಲ ಭಾಗ, ಅಂದರೆ ಪರ್ಮಿಟ್ ಇಲ್ಲದೆ ಒಳಗೆ ಬರಬಾರದು ಎನ್ನುವ ಭಾಗ, ಅನ್ವಯಿಸುವುದೇ ಇಲ್ಲ. ಅದು ಊರು. ಊರಿಗೆ ಬರಲು ಚೀಟಿ ಕೇಳುವುದು ಹೇಗೆ? ಹಾಗಾಗಿ ಯಾರು ಬೇಕಾದರೂ ಹೋಗಬಹುದು. ಆದರೆ ಅದೇ ಸೆಕ್ಷನ್ನಿನ ಉಳಿದ ಭಾಗ ಅನ್ವಯಿಸುತ್ತದೆ. ಹಕ್ಕಿಗಳನ್ನು ಕೆಣಕಬಾರದು, ಕಸ ಚೆಲ್ಲಬಾರದು. ಬೆಂಕಿಯ ಸೆಕ್ಷನ್ನೂ ಅನ್ವಯಿಸುತ್ತದೆ. ಮೀಸಲಿನ ಆಡಳಿತ ಸಮಿತಿಯಲ್ಲಿ ಕನಿಷ್ಠ 5 ಮಂದಿ ಸಮುದಾಯದ ಪ್ರತಿನಿಧಿಗಳು, ಜೊತೆಗೆ ಅರಣ್ಯ ಇಲಾಖೆಯ ಒಬ್ಬರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಇಲಾಖೆಯವರ ಸಂಖ್ಯೆ ಕಡಿಮೆ ಇರುವ ಸಮಿತಿಯನ್ನು ಕಾಯ್ದೆಯೇ ಹೇಳಿಕೊಡುವುದು ನಮ್ಮ ದೇಶದಲ್ಲಿ ಎಷ್ಟು ಕಡೆ ಇದೆ ಹೇಳಿ. ಆ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಮೀಸಲಿನ ಜಮೀನನ್ನು ಬೇರೆ ಬಳಕೆಗೆ ತಿರುಗಿಸುವಂತಿಲ್ಲ. ಅಂದಮೇಲೆ ರೈತರ ಹೊಲವೇ ಆದರೂ, ಮಾಲೀಕರೇ ಒಪ್ಪಿದರೂ, ಅಲ್ಲೊಂದು ಟೆಂಟ್ ರೆಸಾರ್ಟ್ ಎಬ್ಬಿಸಲು ಆಗದು. ಪರಿಚಯದವರ ಮನೆಯ ಜಗಲಿಯಲ್ಲಿ ಒಂದು ರಾತ್ರಿ ಮಲಗುವುದಕ್ಕೆ ಯಾವ ಕಾಯ್ದೆಯೂ ಅಡ್ಡಬರುವುದಿಲ್ಲ. ಮರಿಗಳಿರುವ ತಿಂಗಳುಗಳಲ್ಲಿ ಮಲಗಿದರೆ ನಿದ್ದೆ ಬರುವುದು ಬಿಡುವುದು ಹಕ್ಕಿಗಳ ಇಷ್ಟ, ಅಷ್ಟು ಗದ್ದಲ.

ಮೂರನೆಯ ಬಗೆ ನಮ್ಮ ಕೆರೆಗಳು. ಮದ್ದೂರು ತಾಲ್ಲೂಕಿನ ದೊಡ್ಡ ಕೆರೆಗಳಲ್ಲೊಂದಾದ ಸೂಳೆಕೆರೆಯನ್ನೇ ತೆಗೆದುಕೊಳ್ಳಿ. ಹಕ್ಕಿ ನೋಡುವವರು ಬೈನಾಕ್ಯುಲರ್ ಹಿಡಿದು ಬರುವ ಜಾಗ. ಇದು ಧಾಮವಲ್ಲ. 'ಜೌಗು ಪ್ರದೇಶ ಸಂರಕ್ಷಣಾ ನಿಯಮ' ಇದೆಯಲ್ಲ, ಅದರಲ್ಲಿ ಬರುತ್ತದೆಯೇ ಎಂದು ಪರಿಸರಪ್ರಿಯ ಹುಡುಗನೊಬ್ಬ ಕೇಳಿದ. ಆ 2017ರ ನಿಯಮಗಳಲ್ಲಿ ಜೌಗು ಪ್ರದೇಶ ಎಂದರೇನು ಎಂದು ಬರೆಯುವಾಗಲೇ ನೀರಾವರಿಗೆ, ಕುಡಿಯುವ ನೀರಿಗೆ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟುಬಿಟ್ಟಿದ್ದಾರೆ. ಮಂಡ್ಯದ ಕೆರೆಗಳನ್ನೆಲ್ಲ ನಮ್ಮ ಹಿರಿಯರು ಕಟ್ಟಿದ್ದೇ ಅಚ್ಚುಕಟ್ಟಿಗೆ! ಹೀಗೆ ಒಂದೇ ಸಾಲಿನಲ್ಲಿ ಜಿಲ್ಲೆಯ ಕೆರೆಗಳೆಲ್ಲ ಆ ರಕ್ಷಣೆಯಿಂದ ಜಾರಿದವು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿದರೆ ಮಾತು ಬೇರೆ. ನಮ್ಮ ಜಿಲ್ಲೆಯ ರಂಗನತಿಟ್ಟು 2022ರಲ್ಲಿ ಸೇರಿತು, ಕರ್ನಾಟಕಕ್ಕೆ ಅದೇ ಮೊದಲನೆಯದು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ನೀರಾವರಿ ಕೆರೆಗಳೇ, ಅವು 2024ರಲ್ಲಿ ಸೇರಿದವು. ಮಾಗಡಿ ಕೆರೆಗೆ ಆದದ್ದು ಸೂಳೆಕೆರೆಗೆ ಯಾಕಾಗಬಾರದು ಎಂಬ ಪ್ರಶ್ನೆಯನ್ನು ನಮ್ಮ ಜನಪ್ರತಿನಿಧಿಗಳಿಗೆ ಬಿಡುತ್ತೇನೆ.

ಹಾಗಾದರೆ ಕೆರೆಯಂಗಳದಲ್ಲಿ ಟೆಂಟು ಹಾಕಬಹುದೆ? ಅಂಗಳ ಸರ್ಕಾರದ್ದು. ಪಹಣಿಯಲ್ಲಿ ಖರಾಬು ಎಂದು ಬರೆದಿರುತ್ತದೆ. ನೀರು ಯಾವ ಇಲಾಖೆಯದು ಎಂಬುದು ಕೆರೆಯ ಗಾತ್ರ ನೋಡಿಕೊಂಡು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಜಿಲ್ಲಾ ಪಂಚಾಯ್ತಿ, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ನಾಲೆಯ ಜಾಲಕ್ಕೆ ಸೇರಿದ್ದಾದರೆ ಕಾವೇರಿ ನೀರಾವರಿ ನಿಗಮ. ಇವರಲ್ಲಿ ಯಾರ ಬಳಿಯೂ ಟೆಂಟಿಗೆಂದು ಅರ್ಜಿ ನಮೂನೆ ಇಲ್ಲ. ಪಂಚಾಯ್ತಿಗೆ ಒಂದು ಮಾತು ತಿಳಿಸಿ, ಊರಿನವರ ಜೊತೆ ಇದ್ದು ಬರುವುದೇ ದಾರಿ. ಇಷ್ಟೆಲ್ಲ ಆದಮೇಲೂ ಒಬ್ಬರನ್ನು ಮರೆಯಬಾರದು, ಮೀನಿನ ಗುತ್ತಿಗೆದಾರರು. ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ದುಡ್ಡು ಹಾಕಿ ಮರಿ ಬಿಟ್ಟವರು ಕಾವಲಿಗೆ ಆಳು ಇಟ್ಟಿರುತ್ತಾರೆ. ಸರಿರಾತ್ರಿ ದಂಡೆಯಲ್ಲಿ ಟಾರ್ಚು ಆಡಿದರೆ ಅವರಿಗೆ ನೀವು ನಕ್ಷತ್ರ ನೋಡಲು ಬಂದವರೋ ಮೀನು ಕದಿಯಲು ಬಂದವರೋ ಹೇಗೆ ತಿಳಿಯಬೇಕು? ಸೆಕ್ಷನ್ನು ಓದದ ಕಾವಲುಗಾರ ಅವನು, ಕೈಯಲ್ಲಿ ದೊಣ್ಣೆ ಇರುತ್ತದೆ.

ಇತ್ತೀಚೆಗೆ ಹೊಳೆ-ಕೆರೆಗಳ ಸಮೀಪದ ಹೊಲಗಳಲ್ಲಿ 'ರಿವರ್‌ಸೈಡ್ ಸ್ಟೇ' ಎಂದು ಟೆಂಟು ನಿಲ್ಲಿಸಿ ದುಡ್ಡು ಪಡೆಯುವವರು ಹೆಚ್ಚುತ್ತಿದ್ದಾರೆ. ಸ್ವಂತ ಜಮೀನಾದರೂ ವ್ಯವಸಾಯದ ಭೂಮಿಯಲ್ಲಿ ವ್ಯಾಪಾರ ಮಾಡಲು ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಂತೆ ಅನ್ಯಕ್ರಾಂತ ಮಾಡಿಸಿರಬೇಕು, ಪಂಚಾಯ್ತಿಯ ಲೈಸೆನ್ಸ್ ಇರಬೇಕು. ಮುಂಗಡ ಕಳಿಸುವ ಮೊದಲು ಸರ್ವೆ ನಂಬರ್ ಕೇಳಿ. ಹೇಳಲು ತಡವರಿಸಿದರೆ ಜಾಗ ಧಾಮದ ಒಳಗಿದೆಯೋ ಹೊರಗಿದೆಯೋ ಅವರಿಗೇ ಖಾತ್ರಿಯಿಲ್ಲ ಎಂದು ತಿಳಿಯಿರಿ. ಹೊಸ ವರ್ಷದ ಹಿಂದುಮುಂದಿನ ದಿನಗಳಲ್ಲಂತೂ ಕಾವೇರಿ ತೀರದ ತಾಣಗಳಿಗೆ ಆಡಳಿತ ನಿಷೇಧಾಜ್ಞೆ ಹಾಕುವುದು ವಾಡಿಕೆಯಾಗಿದೆ. ಮೊದಲು 144 ಎನ್ನುತ್ತಿದ್ದೆವು, 2024ರ ಜುಲೈಯಿಂದ ಹೊಸ ಸಂಹಿತೆಯ 163ನೇ ಸೆಕ್ಷನ್. ಆ ಆಜ್ಞೆ ಹೊರಟಾಗ ನಿಮ್ಮ ಬಳಿ ಬೇರೆ ಯಾವ ಚೀಟಿ ಇದ್ದರೂ ಪ್ರಯೋಜನವಿಲ್ಲ.

ಅಕ್ಕನ ಮಗಳು ಕಂಪನಿ ಕೆಲಸದ ಮೇಲೆ ಸ್ವೀಡನ್ನಿನಲ್ಲಿ ಇದ್ದು ಬಂದವಳು. "ಅಲ್ಲಿ ಯಾರ ಜಮೀನಲ್ಲಾದ್ರೂ ಒಂದ್ ರಾತ್ರಿ ಟೆಂಟ್ ಹಾಕ್ಬೋದು ಮಾವ, ಕೇಳೋ ಹಾಗೇ ಇಲ್ಲ" ಎಂದಳು. ನಿಜ. ನಿಸರ್ಗದಲ್ಲಿ ಓಡಾಡುವ ಹಕ್ಕನ್ನು ಅವರು 1994ರಲ್ಲಿ ಸಂವಿಧಾನಕ್ಕೇ ಸೇರಿಸಿದ್ದಾರೆ. ಆದರೆ ಅಲ್ಲಿಯೂ ರಾಷ್ಟ್ರೀಯ ಉದ್ಯಾನ, ನಿಸರ್ಗಧಾಮಗಳಲ್ಲಿ ಆಯಾ ಜಾಗದ ನಿಯಮವೇ ನಡೆಯುವುದು. ಅಮೆರಿಕದ ಯೊಸೆಮಿಟಿ ಕಾಡಿನಲ್ಲಿ ರಾತ್ರಿ ತಂಗಲು ಪರ್ಮಿಟ್ ಬೇಕು, ಟೆಂಟು ನೀರಿನಿಂದ 100 ಅಡಿಯಾದರೂ ದೂರವಿರಬೇಕು. ಸ್ವೀಡನ್ನಿನಲ್ಲಿ ಚದರ ಕಿಲೋಮೀಟರಿಗೆ ಇಪ್ಪತ್ತೈದರ ಆಸುಪಾಸು ಜನ, ಮಂಡ್ಯ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 360ಕ್ಕೂ ಹೆಚ್ಚು. ಅವರ ಹಕ್ಕನ್ನು ಇಲ್ಲಿಗೆ ತಂದರೆ ಮುತ್ತತ್ತಿಯಲ್ಲಿ ಟೆಂಟಿನ ಗೂಟ ಹೊಡೆಯಲು ಜಾಗವಿರದು.

ನನ್ನ ತಕರಾರು ನಿಯಮದ ಮೇಲಲ್ಲ, ಅದರ ಅರ್ಧಕ್ಕೆ ನಿಂತ ನ್ಯಾಯದ ಮೇಲೆ. ದಂಡೆಯಲ್ಲಿ ರಾತ್ರಿ ಕಳೆಯಲು ಇರುವ ಸರಿಯಾದ ದಾರಿಗೆ ತಲೆಗೆ ಸಾವಿರಾರು ರೂಪಾಯಿ ಬೇಕು. ಅಷ್ಟು ಇಲ್ಲದ ಕಾಲೇಜು ಹುಡುಗರಿಗೆ, ಹರಕೆ ತೀರಿಸಲು ದೂರದಿಂದ ಬರುವ ಕುಟುಂಬಕ್ಕೆ ನಾವು ತೋರಿಸುವುದು ಮುಚ್ಚಿದ ಗೇಟು ಮಾತ್ರ. ರಾಜ್ಯದ ಚಾರಣದ ಜಾಡುಗಳಿಗೆ 2024ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಎಂಬ ಜಾಲತಾಣ ತೆರೆಯಿತು. ಒಂದು ಜಾಡಿಗೆ ದಿನಕ್ಕೆ 300 ಜನ, ಮೊದಲೇ ಹೆಸರು ಬರೆಸಬೇಕು. ಎಷ್ಟು ಜನ, ಎಷ್ಟು ದುಡ್ಡು ಎಂಬುದು ಬಾಗಿಲಿಗೆ ಬರುವ ಮೊದಲೇ ತಿಳಿಯುತ್ತದೆ. ಮುತ್ತತ್ತಿಗೂ ಅಂಥದ್ದೊಂದು ಮಿತಿ ಇರಲಿ, ಹಗಲಿಗೇ ಇರಲಿ. ರಾತ್ರಿಗೆ ಧಾಮದ ಹೊರಗೆ, ಹಲಗೂರಿನಲ್ಲಿ, ಪಂಚಾಯ್ತಿಯೇ ಒಂದು ತಂಗುಮನೆ ಕಟ್ಟಲಿ. ಚಾಪೆ, ಶೌಚಾಲಯ, ಬೀಗದ ಪೆಟ್ಟಿಗೆ, ಅಡುಗೆಗೆ ಒಂದು ಸೂರು. ಅಲ್ಲಿ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊಳೆಗೆ ಹೋಗಿ, ಸಂಜೆಯೊಳಗೆ ಬರಲಿ. ಗೇಟಿನ ಬೋರ್ಡಿನಲ್ಲಿ 'ನಿಷೇಧ'ದ ಕೆಳಗೆ ಆ ತಂಗುಮನೆಯ ದಾರಿ ಮತ್ತು ಫೋನು ನಂಬರ್ ಬರೆಯಲಿ.

ಮುಂದಿನ ಗ್ರಾಮಸಭೆಗೆ ಕೊಡಲು ಈ ಬಗ್ಗೆ ಒಂದು ಅರ್ಜಿ ಬರೆಯುತ್ತಿದ್ದೇನೆ. ಜಾಗಕ್ಕೆ ಗ್ರಾಮಠಾಣಾದೊಳಗಿನ ಎರಡು ಖಾಲಿ ಸೈಟು ಗುರುತಿಸಿಯಾಗಿದೆ. ಒಂದರಲ್ಲಿ ಶೌಚಾಲಯದ ನೀರು ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಶಿಂಷಾಕ್ಕೆ. ಇನ್ನೊಂದರ ಮೇಲೆ ನನ್ನದೇ ಕಕ್ಷಿದಾರರೊಬ್ಬರ ದಾವೆ ಇದೆ.